ಮೆಕ್ಯಾನಿಕಲ್ ಮಾಡ್‌ಗಳ ಬ್ಯಾಟರಿ ಸುರಕ್ಷತೆ

ಮೆಕ್ಯಾನಿಕಲ್ ಮಾಡ್ ಎಂಬುದು ವಿದ್ಯುತ್ ಪ್ರವಾಹವನ್ನು ನಿಯಂತ್ರಿಸುವ ವ್ಯವಸ್ಥೆಯೇ ಇಲ್ಲದ ಇ-ಸಿಗರೇಟು. ಗುಂಡಿ ಒತ್ತಿದೊಡನೆ ಲಿಥಿಯಂ-ಅಯಾನ್ ಕೋಶದ ವಿದ್ಯುತ್ತು ನೇರವಾಗಿ ಕಾಯುವ ಸುರುಳಿಗೆ ಹರಿಯುತ್ತದೆ. ಓಮ್‌ನ ನಿಯಮದಂತೆ, ಪೂರ್ಣ ಚಾರ್ಜ್ ಆದ 4.2 ವೋಲ್ಟ್ ಕೋಶಕ್ಕೆ 0.2 ಓಮ್ ರೋಧದ ಸುರುಳಿ ಜೋಡಿಸಿದರೆ 21 ಆಂಪಿಯರ್, 0.1 ಓಮ್ ಆದರೆ 42 ಆಂಪಿಯರ್ ಪ್ರವಾಹ ಉಂಟಾಗುತ್ತದೆ. 20 ಆಂಪಿಯರ್ ಮಿತಿಯ ಕೋಶಕ್ಕೆ ಮೊದಲನೆಯದೇ ಹೆಚ್ಚು. ಮಿತಿ ಮೀರಿ ಕಾದ ಕೋಶದಿಂದ ಅನಿಲ ಚಿಮ್ಮುತ್ತದೆ. ಅದು ಹೊರಹೋಗಲು ರಂಧ್ರಗಳಿಲ್ಲದಿದ್ದರೆ ಲೋಹದ ಕೊಳವೆಯೇ ಸಿಡಿಯಬಹುದು.

18650 ಮಾದರಿಯ ಕೋಶದಲ್ಲಿ ಲೋಹದ ಹೊರಮೈಯೆಲ್ಲ ಋಣಧ್ರುವ. ಅದರ ತೆಳು ಪ್ಲಾಸ್ಟಿಕ್ ಹೊದಿಕೆ ಹರಿದಾಗ ಶಾರ್ಟ್ ಸರ್ಕ್ಯೂಟ್ ಆಗಲು ಜೇಬಿನ ಒಂದು ಕೀಲಿಕೈಯೂ ಸಾಕು. ಹೊದಿಕೆ ಹರಿದ ಕೋಶವನ್ನು ಬಳಸಬಾರದು. ಬಿಡಿ ಕೋಶಗಳನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿಯೇ ಇಡಬೇಕು.

ಕರ್ನಾಟಕದಲ್ಲಿ 2016ರಲ್ಲಿಯೇ ಇ-ಸಿಗರೇಟು ಮಾರಾಟ ನಿಷೇಧಗೊಂಡಿತು. 2019ರ ಕೇಂದ್ರ ಕಾಯ್ದೆಯು ತಯಾರಿಕೆ, ಆಮದು, ಸಂಗ್ರಹಗಳನ್ನೂ ನಿಷೇಧಿಸಿತು. ಕೋಶಕ್ಕೆ ಮಾತ್ರ ನಿಷೇಧವಿಲ್ಲ: ಟಾರ್ಚ್, ಪವರ್ ಬ್ಯಾಂಕುಗಳಲ್ಲಿಯೂ ಇದೇ ಮಾದರಿಯ ಕೋಶಗಳಿರುತ್ತವೆ.