ಎಂಜಿನ್ ನಿಂತಾಗಲ್ಲ, ಹಿಡಿಕೆ ತಳ್ಳಿದಾಗ ಅಪಾಯ

2023ರ ಮೇ 30ರಂದು ಸಾಂಬ್ರಾದಿಂದ ಹಾರಿದ ತರಬೇತಿ ವಿಮಾನ ತಾಂತ್ರಿಕ ದೋಷದಿಂದ ಹೊನ್ನಿಹಾಳದ ಹೊಲದಲ್ಲಿ ಇಳಿದದ್ದು ನಿಮಗೆ ನೆನಪಿರಬಹುದು. ಒಳಗಿದ್ದ ಇಬ್ಬರೂ ಸಣ್ಣ ಗಾಯಗಳೊಂದಿಗೆ ಪಾರಾದರು. ಆದರೆ ಮನೆಯಲ್ಲೇ ಜೋಡಿಸಿದ ಗೈರೊಕಾಪ್ಟರ್‌ನಲ್ಲಿ ಹಾರಲು ಕಲಿಯುತ್ತಿದ್ದ ಹಲವರು ವಿದೇಶಗಳಲ್ಲಿ ಪ್ರಾಣ ಕಳೆದುಕೊಂಡಿದ್ದಾರೆ. ಯಾಕೆ?

ಗೈರೊಕಾಪ್ಟರ್ ನೋಡಲು ಪುಟ್ಟ ಹೆಲಿಕಾಪ್ಟರ್. ಆದರೆ ಅದರ ತಲೆಯ ಮೇಲಿನ ರೋಟರನ್ನು ಎಂಜಿನ್ ತಿರುಗಿಸುವುದಿಲ್ಲ. ಹಿಂದಿನ ಫ್ಯಾನು ಯಂತ್ರವನ್ನು ಮುಂದೆ ನೂಕುತ್ತದೆ. ಕೆಳಗಿನಿಂದ ನುಗ್ಗುವ ಗಾಳಿ ರೋಟರನ್ನು ತಿರುಗಿಸುತ್ತದೆ, ಎಲ್ಲಮ್ಮನ ಜಾತ್ರೆಯ ಗಿರಗಿಟ್ಲೆಯ ಹಾಗೆ. ಸ್ಪೇನಿನ ಹುವಾನ್ ದೆ ಲಾ ಸಿಯೆರ್ವಾ ರಚಿಸಿದ ಇಂಥ ಯಂತ್ರ 1923ರಲ್ಲಿ ಹಾರಿತು. ಎಂಜಿನ್ ಕೆಟ್ಟರೂ ಇಳಿಯುವಾಗ ರೋಟರ್ ತಿರುಗುತ್ತಲೇ ಇರುತ್ತದೆ. ಅಂದರೆ ನಾವು ಹೆದರುವ ಜಾಗವೇ ಬೇರೆ!

ಮೂಗು ಮೇಲೆದ್ದಾಗ ಹೊಸಬ ಗಾಬರಿಯಿಂದ ಹಿಡಿಕೆಯನ್ನು ಮುಂದಕ್ಕೆ ತಳ್ಳುತ್ತಾನೆ. ರೋಟರಿನ ಮೇಲಿನ ಭಾರ ತಪ್ಪುತ್ತದೆ, ಅದು ಯಂತ್ರವನ್ನು ಹಿಂದಕ್ಕೆ ಎಳೆಯುವುದೂ ನಿಲ್ಲುತ್ತದೆ. ಅನೇಕ ಹಳೆಯ ಮಾದರಿಗಳಲ್ಲಿ ಫ್ಯಾನಿನ ನೂಕು ಗುರುತ್ವಕೇಂದ್ರಕ್ಕಿಂತ ಮೇಲಿತ್ತು. ನಮ್ಮ ಪ್ರಥಮ ಪಿಯುಸಿ ಪಾಠದ ಟಾರ್ಕ್ ಇಲ್ಲಿಯೇ ಕೆಲಸ ಮಾಡುತ್ತದೆ: ಯಂತ್ರ ಮುಂದಕ್ಕೆ ಮಗುಚುತ್ತದೆ. ನಿಧಾನವಾದ ರೋಟರ್ ಮತ್ತೆ ವೇಗ ಹಿಡಿಯುವುದಿಲ್ಲ. ಇಷ್ಟಕ್ಕೆಲ್ಲ ಒಂದೆರಡು ಸೆಕೆಂಡು ಸಾಕು.

ಅಮೆರಿಕದ ಇಗೋರ್ ಬೆನ್ಸನ್ 1950ರ ದಶಕದಲ್ಲಿ ಇದನ್ನು ಕಿಟ್ ರೂಪದಲ್ಲಿ ಮಾರಿದರು. ಒಂದೇ ಸೀಟು; ಪಕ್ಕದಲ್ಲಿ ಕೂತು ತಿದ್ದುವ ಗುರುವಿಗೆ ಜಾಗವಿರಲಿಲ್ಲ. ಮುಂದೆ ಎರಡು ಸೀಟಿನ ಮಾದರಿಗಳು, ದೊಡ್ಡ ಅಡ್ಡಬಾಲ, ತಗ್ಗಿಸಿ ಕೂರಿಸಿದ ಎಂಜಿನ್ ಬಂದವು.