ನಿಸ್ತಂತು ತರಂಗಗಳೂ ನ್ಯಾನೊ ಕಣಗಳೂ

ಕಾಳಿ ನದಿಯ ಕಣಿವೆಯಲ್ಲಿರುವ ಅಂಬಿಕಾನಗರ ವಿದ್ಯುತ್ತಿಗಾಗಿಯೇ ಹುಟ್ಟಿದ ಊರು. ನಾಗಝರಿ ವಿದ್ಯುದಾಗಾರದ ನೆರೆಯಲ್ಲಿ ಬೆಳೆದ ಈ ಪುಟ್ಟ ನಗರದ ಜನರಿಗೆ ಉಚ್ಚ ವೋಲ್ಟೇಜಿನ ತಂತಿಗಳು ದಿನನಿತ್ಯದ ನೋಟ. ಅದೇ ನದಿಯ ಕೆಳದಂಡೆಯಲ್ಲಿ ಕೈಗಾ ಪರಮಾಣು ವಿದ್ಯುತ್ ಕೇಂದ್ರವಿರುವುದರಿಂದ ‘ವಿಕಿರಣ’ ಎಂಬ ಶಬ್ದವೂ ಇಲ್ಲಿ ಹೊಸದಲ್ಲ. ಆದರೆ ಶಬ್ದ ಪರಿಚಿತವಾದ ಮಾತ್ರಕ್ಕೆ ಅದರ ಅರ್ಥ ತಿಳಿದಂತಾಗುವುದಿಲ್ಲ.

2021ರ ಬೇಸಗೆಯಲ್ಲಿ ನಮಗೆ ಇದು ಚೆನ್ನಾಗಿ ಮನವರಿಕೆಯಾಯಿತು. ನಮ್ಮ ನೆರೆಯ ಹಿರಿಯ ತಾಯಿಯೊಬ್ಬರು ಕೋವಿಡ್ ಲಸಿಕೆಗೆ ಬರಲೊಲ್ಲೆನೆಂದು ಹಟ ಹಿಡಿದರು. “ಮಾಸ್ತರೇ, ಆ ಮದ್ದಿನೊಳಗೆ ಕಣ್ಣಿಗೆ ಕಾಣದ ಕಣ ಇದೆಯಂತೆ. ಟವರಿನಿಂದ ಅಲೆ ಬಂದು ಅದನ್ನು ಮೈಯೊಳಗೆ ಕುಣಿಸುತ್ತದಂತೆ. ನೀವು ಓದಿದವರು, ಹೌದೋ ಅಲ್ಲವೋ ಹೇಳಿ” ಎಂದರು. ನಾವು ನಕ್ಕು, “ಎಲ್ಲ ಸುಳ್ಳು” ಎಂದೆವು. ಅವರು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ನಗೆ ಉತ್ತರವಲ್ಲವೆಂಬುದು ಆಮೇಲೆ ನಮಗೆ ಹೊಳೆಯಿತು. ಆ ಪ್ರಶ್ನೆಗೆ ಕೊಡಬೇಕಾಗಿದ್ದ ಉತ್ತರವನ್ನು ಇಲ್ಲಿ ಕ್ರಮವಾಗಿ ನೋಡೋಣ.

ಎರಡು ಬಗೆಯ ವಿಕಿರಣ

ಬೆಳಕು, ರೇಡಿಯೊ ತರಂಗ, ಕ್ಷ-ಕಿರಣ, ಗ್ಯಾಮಾ ಕಿರಣ ಇವೆಲ್ಲವೂ ವಿದ್ಯುತ್ಕಾಂತ ತರಂಗಗಳೇ. ಇವು ಶಕ್ತಿಯನ್ನು ಫೋಟಾನ್ ಎಂಬ ಪುಟ್ಟ ಗಂಟುಗಳಾಗಿ ಹೊತ್ತು ತರುತ್ತವೆ. ಗಂಟಿನ ಗಾತ್ರವು ತರಂಗದ ಆವೃತ್ತಿಯನ್ನು ಅವಲಂಬಿಸಿದೆ. ಜೀವಕೋಶದ ಅಣುವೊಂದರಿಂದ ಎಲೆಕ್ಟ್ರಾನನ್ನು ಕಿತ್ತೊಗೆಯಲು ಸುಮಾರು 10 ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಒಂದೇ ಏಟಿಗೆ ಬೇಕು. ಪರಮಾಣು ರಿಯಾಕ್ಟರಿನಲ್ಲಿ ಉತ್ಪನ್ನವಾಗುವ ಸೀಸಿಯಂ-137 ಸೂಸುವ ಗ್ಯಾಮಾ ಫೋಟಾನಿನ ಶಕ್ತಿ ಸುಮಾರು 6,62,000 ಎಲೆಕ್ಟ್ರಾನ್ ವೋಲ್ಟ್. ಆದುದರಿಂದಲೇ ಅದನ್ನು ದಪ್ಪ ಕಾಂಕ್ರೀಟಿನ ಗೋಡೆಗಳ ಒಳಗೆ ಕಟ್ಟಿಡಬೇಕಾಗುತ್ತದೆ.

ಇನ್ನು ಮೊಬೈಲ್ ಫೋನಿನ ಮಾತು. 900 ಮೆಗಾಹರ್ಟ್ಸ್ ತರಂಗದ ಒಂದು ಫೋಟಾನಿನ ಶಕ್ತಿ ಒಂದು ಎಲೆಕ್ಟ್ರಾನ್ ವೋಲ್ಟಿನ ಹತ್ತು ಲಕ್ಷದಲ್ಲಿ 3.7 ಭಾಗ ಮಾತ್ರ. ಎಲೆಕ್ಟ್ರಾನನ್ನು ಕೀಳಲು ಬೇಕಾದ ಶಕ್ತಿ ಇದರ 27 ಲಕ್ಷ ಪಟ್ಟು. ಅಷ್ಟೇಕೆ, ನಮ್ಮ ದೇಹದ ಶಾಖದಿಂದಲೇ ಅಣುಗಳು ಸದಾ ಕಂಪಿಸುತ್ತಿರುವ ಶಕ್ತಿಯು ಈ ಫೋಟಾನಿನ ಸುಮಾರು 7,000 ಪಟ್ಟು ಇದೆ. ಕೈಗಾದ ವಿಕಿರಣಕ್ಕೂ ಟವರಿನ ವಿಕಿರಣಕ್ಕೂ ಹೆಸರು ಒಂದೇ, ಗುಣ ಬೇರೆ.

ಹಾಗಾದರೆ ದುರ್ಬಲ ಫೋಟಾನುಗಳು ಕೋಟಿಗಟ್ಟಲೆ ಬಂದರೆ ಏನಾಗುತ್ತದೆ ಎಂದು ಚುರುಕು ವಿದ್ಯಾರ್ಥಿ ಕೇಳಬಹುದು. ಮೈ ಬಿಸಿಯಾಗುತ್ತದೆ. ಮೈಕ್ರೊವೇವ್ ಒಲೆಯಲ್ಲಿ ಅನ್ನ ಬಿಸಿಯಾಗುವುದೂ ಹೀಗೆಯೇ. ಆದುದರಿಂದ ಈ ಬಿಸಿಗೆ ಒಂದು ಮಿತಿಯನ್ನು ಗೊತ್ತುಪಡಿಸಿದ್ದಾರೆ. ಭಾರತದಲ್ಲಿ 2012ರ ಸೆಪ್ಟೆಂಬರ್ 1ರಿಂದ ಟವರುಗಳ ತರಂಗಕ್ಕೆ ಅಂತರರಾಷ್ಟ್ರೀಯ ಮಿತಿಯ ಹತ್ತನೆಯ ಒಂದು ಭಾಗವನ್ನು ವಿಧಿಸಲಾಗಿದೆ. 900 ಮೆಗಾಹರ್ಟ್ಸಿನಲ್ಲಿ ಅದು ಚದರ ಮೀಟರಿಗೆ 0.45 ವ್ಯಾಟ್.

ಒಂದು ಸಣ್ಣ ಲೆಕ್ಕ ಮಾಡೋಣ. ಟವರಿನ ಆಂಟೆನಾ 20 ವ್ಯಾಟ್ ಸೂಸಿ, ಅದನ್ನು ಒಂದೇ ದಿಕ್ಕಿಗೆ 50 ಪಟ್ಟು ಸಾಂದ್ರಗೊಳಿಸುತ್ತದೆಂದು ಭಾವಿಸಿ. ಆ ದಿಕ್ಕಿನಲ್ಲಿ ಅದು 1,000 ವ್ಯಾಟಿನ ದೀಪಕ್ಕೆ ಸಮ. 100 ಮೀಟರ್ ದೂರದಲ್ಲಿ ಈ ಶಕ್ತಿಯನ್ನು ಗೋಲದ ಮೇಲ್ಮೈಗೆ ಹಂಚಿದರೆ ಚದರ ಮೀಟರಿಗೆ ಸುಮಾರು 0.008 ವ್ಯಾಟ್ ಬರುತ್ತದೆ. ಇದು ಮಿತಿಯ ಐವತ್ತರಲ್ಲಿ ಒಂದು ಭಾಗಕ್ಕಿಂತಲೂ ಕಡಮೆ.

ದೂರದ ಟವರು, ಕೈಯೊಳಗಿನ ಫೋನು

ಇಲ್ಲಿ ಒಂದು ವಿಚಿತ್ರವಿದೆ. ನಾವು ಹೆದರುವುದು ಟವರಿಗೆ. ಕಿವಿಗೆ ಒತ್ತಿ ಹಿಡಿಯುವುದು ಫೋನನ್ನು. ಫೋನು ತಾನೂ ಒಂದು ಪ್ರೇಷಕ. ಟವರು ಸಮೀಪದಲ್ಲಿದ್ದರೆ ಅದು ಮೆಲ್ಲಗೆ ಮಾತನಾಡುತ್ತದೆ, ದೂರವಿದ್ದರೆ ಕೂಗುತ್ತದೆ. 900 ಮೆಗಾಹರ್ಟ್ಸಿನ 2ಜಿ ಫೋನು ಟವರಿನ ಬಳಿ ಕೆಲವೇ ಮಿಲಿವ್ಯಾಟ್ ಸೂಸಿದರೆ, ದೂರ ಸರಿದಾಗ ಅದರ ಸ್ಪಂದನಗಳು 2 ವ್ಯಾಟಿನವರೆಗೆ ಏರಬಲ್ಲವು. 4ಜಿ ಫೋನಿನ ಸಾಮಾನ್ಯ ಗರಿಷ್ಠ ಮಿತಿ 0.2 ವ್ಯಾಟ್. 2020 ಮತ್ತು 2021ರಲ್ಲಿ ಜೋಯಿಡಾದ ಕಾಡಿನ ಹಳ್ಳಿಗಳ ವಿದ್ಯಾರ್ಥಿಗಳು ಆನ್‌ಲೈನ್ ಪಾಠಕ್ಕಾಗಿ ಸಿಗ್ನಲ್ ಹುಡುಕುತ್ತ ಗುಡ್ಡ ಹತ್ತಿದರಷ್ಟೆ. ಅವರ ಫೋನುಗಳು ಪೂರ್ಣ ಶಕ್ತಿಯಿಂದ ಕೂಗುತ್ತಿದ್ದವು. ಟವರು ಹತ್ತಿರವಿದ್ದಷ್ಟೂ ತಲೆಗೆ ತಗಲುವ ಒಟ್ಟು ವಿಕಿರಣ ಸಾಮಾನ್ಯವಾಗಿ ಕಡಮೆಯಾಗುತ್ತದೆ!

ಹಾಗೆಂದು ಸಂದೇಹವೇ ಇಲ್ಲವೆನ್ನುವುದು ವಿಜ್ಞಾನದ ಮಾರ್ಗವಲ್ಲ. 2011ರಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ರೇಡಿಯೊ ತರಂಗಗಳನ್ನು ‘ಬಹುಶಃ ಕ್ಯಾನ್ಸರ್ ಕಾರಕವಿರಬಹುದು’ ಎಂಬ 2ಬಿ ವರ್ಗಕ್ಕೆ ಸೇರಿಸಿತು. ಆಧಾರ ಅಲ್ಪ, ಆದರೂ ಕಡೆಗಣಿಸುವಂತಿಲ್ಲ ಎಂಬುದು ಇದರ ತಾತ್ಪರ್ಯ. ಮುಂದೆ 2024ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಮಾಡಿಸಿದ ಸಮೀಕ್ಷೆಯೊಂದು 63 ಅಧ್ಯಯನಗಳನ್ನು ಪರಿಶೀಲಿಸಿ, ಮೊಬೈಲ್ ಬಳಕೆಗೂ ಮೆದುಳಿನ ಕ್ಯಾನ್ಸರಿಗೂ ಸಂಬಂಧ ಕಾಣಲಿಲ್ಲವೆಂದು ವರದಿ ಮಾಡಿತು. ಆದರೂ ಸಿಗ್ನಲ್ ದುರ್ಬಲವಾಗಿರುವಲ್ಲಿ ದೀರ್ಘ ಸಂಭಾಷಣೆಗೆ ಇಯರ್‌ಫೋನ್ ಬಳಸುವುದರಿಂದ ನಷ್ಟವೇನೂ ಇಲ್ಲ.

ಕಣವು ಅಲೆಯನ್ನು ಹಿಡಿಯಬಲ್ಲದೆ?

ಗ್ರೀಕ್ ಭಾಷೆಯಲ್ಲಿ ‘ನ್ಯಾನೊ’ ಎಂದರೆ ಕುಬ್ಜ. ಮೀಟರಿನ ನೂರು ಕೋಟಿಯಲ್ಲಿ ಒಂದು ಭಾಗವೇ ನ್ಯಾನೊಮೀಟರ್. 2021ರಲ್ಲಿ ನಮ್ಮ ರಾಜ್ಯದ ಬಹುಪಾಲು ಜನರಿಗೆ ದೊರೆತ ಲಸಿಕೆಗಳು ಕೋವಿಶೀಲ್ಡ್ ಮತ್ತು ಕೋವ್ಯಾಕ್ಸಿನ್. ಮೊದಲನೆಯದರಲ್ಲಿದ್ದುದು ವೃದ್ಧಿಯಾಗದಂತೆ ಮಾರ್ಪಡಿಸಿದ ಅಡೆನೊವೈರಸ್, ಗಾತ್ರ ಸುಮಾರು 90 ನ್ಯಾನೊಮೀಟರ್. ಎರಡನೆಯದರಲ್ಲಿದ್ದುದು ನಿಷ್ಕ್ರಿಯಗೊಳಿಸಿದ ಕೊರೊನಾ ವೈರಸ್. ಫೈಜರ್, ಮಾಡರ್ನಾ ಲಸಿಕೆಗಳಲ್ಲಿ ಇರುವುದು ಸುಮಾರು 100 ನ್ಯಾನೊಮೀಟರಿನ ಕೊಬ್ಬಿನ ಹನಿಗಳು. ಇವು ಯಾವುವೂ ಲೋಹದ ಕಣಗಳಲ್ಲ.

ಇದ್ದರೂ ಏನಾಗುತ್ತಿತ್ತು? ಆಂಟೆನಾ ಅಲೆಯನ್ನು ಚೆನ್ನಾಗಿ ಹಿಡಿಯಬೇಕಾದರೆ ಅದರ ಉದ್ದ ತರಂಗಾಂತರಕ್ಕೆ ತಕ್ಕಷ್ಟಿರಬೇಕು. 900 ಮೆಗಾಹರ್ಟ್ಸಿನ ತರಂಗಾಂತರ 33 ಸೆಂಟಿಮೀಟರ್, ಅಂದರೆ 100 ನ್ಯಾನೊಮೀಟರ್ ಕಣದ 33 ಲಕ್ಷ ಪಟ್ಟು. ಕಣವನ್ನು 2 ಮಿಲಿಮೀಟರಿನ ಸಾಸಿವೆ ಕಾಳಿನಷ್ಟು ಹಿಗ್ಗಿಸಿದರೆ, ಅಲೆಯ ಉದ್ದ ಆರೂವರೆ ಕಿಲೋಮೀಟರಿಗೂ ಮೀರುತ್ತದೆ! ಅಂಥ ಕಾಳು ಅಂಥ ಅಲೆಯಿಂದ ಸಂದೇಶ ಪಡೆಯುವುದು ಅಸಾಧ್ಯ. ಮೇಲಾಗಿ ಭಾರತದಲ್ಲಿ 5ಜಿ ಸೇವೆ ಆರಂಭವಾದುದೇ 2022ರ ಅಕ್ಟೋಬರ್ 1ರಂದು. 2021ರ ಲಸಿಕೆಯನ್ನು ಕುಣಿಸಲು ಆ ಅಲೆಗಳೇ ಇರಲಿಲ್ಲ.

2021ರ ಜೂನಿನಲ್ಲಿ ನಾಸಿಕದಿಂದ ಮತ್ತೊಂದು ಸುದ್ದಿ ಬಂದಿತು. ಲಸಿಕೆ ಪಡೆದವರ ಮೈಗೆ ನಾಣ್ಯ, ಚಮಚಗಳು ಅಂಟುತ್ತವೆಂದು ಹೇಳಲಾಯಿತು. ಇದನ್ನು ವಾಚಕರು ತಾವೇ ಪರೀಕ್ಷಿಸಬಹುದು. ಬೆವರಿದ ತೋಳಿಗೆ ನಾಣ್ಯವೊಂದನ್ನು ಅಂಟಿಸಿ. ಬಳಿಕ ತೋಳನ್ನು ಒರೆಸಿ, ಟಾಲ್ಕಮ್ ಪೌಡರ್ ಹಚ್ಚಿ ಮತ್ತೆ ಪ್ರಯತ್ನಿಸಿ. ನಾಣ್ಯ ಜಾರುತ್ತದೆ. ಕಾಂತಶಕ್ತಿ ತೆಳುವಾದ ಪೌಡರಿನ ಪದರಕ್ಕೆ ಅಂಜುವುದಿಲ್ಲ. ಅಂಟಿದ್ದು ಚರ್ಮದ ತೇವ ಮತ್ತು ಜಿಡ್ಡಿನಿಂದ.

ನಿಜವಾದ ಕಣಗಳು

ನ್ಯಾನೊ ಕಣಗಳಿಗೆ ಹೆದರಬೇಕಾದ ಸ್ಥಳ ಬೇರೊಂದಿದೆ. 1 ಸೆಂಟಿಮೀಟರ್ ಘನವನ್ನು 100 ನ್ಯಾನೊಮೀಟರಿನ ಘನಗಳಾಗಿ ಕತ್ತರಿಸಿದರೆ, ಅದರ ಮೇಲ್ಮೈ 6 ಚದರ ಸೆಂಟಿಮೀಟರಿನಿಂದ 60 ಚದರ ಮೀಟರಿಗೆ ಏರುತ್ತದೆ. ರಾಸಾಯನಿಕ ಕ್ರಿಯೆ ನಡೆಯುವುದು ಮೇಲ್ಮೈಯಲ್ಲಿ. ಆದುದರಿಂದ ಪದಾರ್ಥ ಪುಡಿಯಾದಷ್ಟೂ ಚುರುಕಾಗಬಹುದು, ಶ್ವಾಸಕೋಶದ ಆಳಕ್ಕೂ ಇಳಿಯಬಹುದು. ಇಂಥ ಕಣಗಳು ಸೌದೆಯ ಒಲೆ, ಡೀಸೆಲ್ ಎಂಜಿನ್ ಮತ್ತು ಬೀಡಿಯ ಹೊಗೆಯಲ್ಲಿ ಹೇರಳವಾಗಿವೆ. ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಜಗತ್ತಿನಾದ್ಯಂತ ಸುಮಾರು 32 ಲಕ್ಷ ಜನರು ಸತ್ತರೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು.

ನಾವು ಮತ್ತೊಮ್ಮೆ ಆ ತಾಯಿಯ ಮನೆಗೆ ಹೋದೆವು. ಈ ಸಲ ನಗಲಿಲ್ಲ. ಒಂದು ನಾಣ್ಯ, ಪೌಡರ್ ಡಬ್ಬಿ ಮತ್ತು ಸಾಸಿವೆ ಕಾಳನ್ನು ಮುಂದಿಟ್ಟುಕೊಂಡು ಅಡುಗೆಮನೆಯ ಹೊಸ್ತಿಲ ಬಳಿ ಕುಳಿತು ವಿವರಿಸಿದೆವು. ಅವರು ನಾಣ್ಯವನ್ನು ಮೂರು ಸಲ ತಾವೇ ಜಾರಿಸಿ ನೋಡಿದರು. ಮರುವಾರ ಲಸಿಕೆ ಹಾಕಿಸಿಕೊಂಡರು. ಆ ದಿನ ನಾವು ಮಾತು ಮುಗಿಸುವ ಹೊತ್ತಿಗೆ ಒಲೆಯ ಹೊಗೆ ಕೋಣೆಯನ್ನೆಲ್ಲ ತುಂಬಿತ್ತು, ಇಬ್ಬರೂ ಕೆಮ್ಮುತ್ತಿದ್ದೆವು. ನಾವು ಎದ್ದು ಮೊದಲು ಕಿಟಕಿಯನ್ನು ತೆರೆದೆವು.