ಅಂಗಡಿಗೆ ಇಂಟರ್ನೆಟ್ ಫೋನ್ ಹಾಕ್ಸೋ ಮುಂಚೆ: ನಂಬರ್ ಯಾರ ಹೆಸರಲ್ಲಿದೆ?

ಇವತ್ತಿನ ಎಪಿಸೋಡನ್ನ ನಾನೇ ಮಾಡಿದ ಒಂದು ತಪ್ಪಿನಿಂದ ಶುರು ಮಾಡ್ತೀನಿ.

ದಾವಣಗೆರೆಯಲ್ಲಿ ನನ್ನ ಸೋದರಮಾವನದು ಪಂಪ್‌ಸೆಟ್ ಅಂಗಡಿ. ಮೋಟರ್ ಮಾರೋದು, ಸುಟ್ಟಿದ್ದನ್ನ ರಿವೈಂಡಿಂಗ್ ಮಾಡೋದು, ಬೋರ್‌ವೆಲ್‌ನಿಂದ ಎತ್ತಿ ಇಳಿಸೋದು. ಮಾರ್ಚ್ ಬಂತು ಅಂದ್ರೆ ಫೋನ್ ಕೆಳಗಿಡೋಕೆ ಪುರುಸೊತ್ತಿರಲ್ಲ. ಚನ್ನಗಿರಿ ಕಡೆ ಅಡಿಕೆ ತೋಟದವರಿಗೆ ಬೇಸಿಗೆಯಲ್ಲಿ ಮೋಟರ್ ಸುಟ್ಟರೆ ನಾಲ್ಕು ದಿನ ಕಾಯೋಕೆ ಆಗಲ್ಲ. ಒಬ್ಬ ಫೋನ್ ಎತ್ತದಿದ್ರೆ ಮುಂದಿನ ಅಂಗಡಿಗೆ ಮಾಡ್ತಾರೆ, ಅಷ್ಟೇ.

ಅಂಗಡಿಯಲ್ಲಿ ಇಪ್ಪತ್ತು ವರ್ಷದಿಂದ ಒಂದೇ ಲ್ಯಾಂಡ್‌ಲೈನ್ ಇತ್ತು. ಒಂದು ಕರೆ ನಡೀತಿದ್ರೆ ಬೇರೆಯವರಿಗೆ ಬ್ಯುಸಿ. "ಮಾವ, ಇದೆಲ್ಲ ಹಳೇದು, ಇಂಟರ್ನೆಟ್ ಫೋನ್ ಹಾಕ್ಸೋಣ" ಅಂದೆ. ಬಿ.ಕಾಂ. ಓದಿದ ಸೊಸೆ, ಪಾಡ್‌ಕಾಸ್ಟ್ ಬೇರೆ ಮಾಡ್ತಾಳೆ ಅಂತ ಮಾವ ಒಪ್ಪಿದ್ರು. ಲ್ಯಾಂಡ್‌ಲೈನ್ ಸರೆಂಡರ್ ಮಾಡಿ, ಮೂರು ಟೇಬಲ್ ಫೋನ್ ತಗೊಂಡು, ಹೊಸ ನಂಬರ್ ಹಾಕಿಸಿದ್ವಿ. ಮೊದಲ ವಾರ ಎಲ್ಲ ಚೆನ್ನಾಗಿತ್ತು. ಎರಡನೇ ವಾರ ಮಧ್ಯಾಹ್ನ ಮಾವನ ಫೋನ್: "ಪುಟ್ಟಿ, ಕರೆಂಟ್ ಹೋಗಿ ಎರಡು ಗಂಟೆ ಆಯ್ತಮ್ಮ. ಒಂದು ಫೋನೂ ಬಂದಿಲ್ಲ."

ಇದು ಅರ್ಥ ಆಗ್ಬೇಕು ಅಂದ್ರೆ ಧ್ವನಿ ಹೇಗೆ ಹೋಗುತ್ತೆ ಅಂತ ಗೊತ್ತಿರಬೇಕು. ಹಳೇ ತಾಮ್ರದ ತಂತಿಯ ಲ್ಯಾಂಡ್‌ಲೈನ್‌ಗೆ ಕರೆಂಟ್ ಬರ್ತಿದ್ದದ್ದು ಟೆಲಿಫೋನ್ ಎಕ್ಸ್‌ಚೇಂಜ್‌ನಿಂದ, ಸುಮಾರು 48 ವೋಲ್ಟ್, ಅದೇ ತಂತಿಯಲ್ಲಿ. ಅದಕ್ಕೇ ಊರೆಲ್ಲ ಕತ್ತಲಾದ್ರೂ ಫೋನ್ ರಿಂಗ್ ಆಗ್ತಿತ್ತು. ಇಂಟರ್ನೆಟ್ ಫೋನ್ ಹಾಗಲ್ಲ. ನಿಮ್ಮ ಮಾತನ್ನ ಸಾಮಾನ್ಯವಾಗಿ 20 ಮಿಲಿಸೆಕೆಂಡಿನ ತುಂಡುಗಳಾಗಿ ಕತ್ತರಿಸಿ, ಒಂದೊಂದಕ್ಕೂ ವಿಳಾಸ ಅಂಟಿಸಿ, ಸೆಕೆಂಡಿಗೆ 50 ಪ್ಯಾಕೆಟ್‌ಗಳಂತೆ ನೆಟ್‌ನಲ್ಲಿ ಕಳಿಸುತ್ತೆ. ಆ ಕಡೆ ಮತ್ತೆ ಜೋಡಿಸಿ ಧ್ವನಿ ಮಾಡುತ್ತೆ. ಮಧ್ಯದಲ್ಲಿ ನಿಮ್ಮ ರೌಟರ್ ಆಫ್ ಆದ್ರೆ ಕಥೆ ಮುಗೀತು. ಇನ್ವರ್ಟರ್ ಫ್ಯಾನ್‌ಗೆ, ಲೈಟ್‌ಗೆ ಇತ್ತು. ರೌಟರ್‌ಗೆ ಯಾರೂ ಕೊಟ್ಟಿರಲಿಲ್ಲ. ನಾನೂ ಕೇಳಿರಲಿಲ್ಲ. ರೌಟರ್‌ಗೆ ಅಂತಾನೇ ಪುಟ್ಟ ಯುಪಿಎಸ್ ಸಿಗುತ್ತೆ. ಫೋನ್ ಕಂಪನಿ ಹುಡುಕೋ ಮುಂಚೆ ಅದನ್ನ ತಗೊಳ್ಳಿ.

ಆದ್ರೆ ಕರೆಂಟ್ ಸಮಸ್ಯೆ ಸಣ್ಣದು. ದೊಡ್ಡದು ನಂಬರ್.

ಮಾವನ ಹಳೇ ನಂಬರು, 08192ರ ಮುಂದೆ ಆರು ಅಂಕಿ, ಹಳ್ಳಿ ಹಳ್ಳಿಯ ಗೋಡೆ ಮೇಲೆ ಪೇಂಟ್ ಆಗಿತ್ತು. ಮಾರಿದ ಪ್ರತಿ ಸ್ಟಾರ್ಟರ್ ಬಾಕ್ಸ್ ಮೇಲೂ ಸ್ಟಿಕ್ಕರ್. ಮೊಬೈಲ್ ನಂಬರನ್ನ ಕಂಪನಿ ಬದಲಾಯಿಸಿದ್ರೂ ಉಳಿಸಿಕೊಳ್ಳಬಹುದು, 2011ರ ಜನವರಿಯಿಂದ ದೇಶದಾದ್ಯಂತ ಆ ಸೌಲಭ್ಯ ಇದೆ. ಲ್ಯಾಂಡ್‌ಲೈನ್‌ಗೂ ಹಾಗೇ ಇರುತ್ತೆ ಅಂತ ನಾನು ಅಂದ್ಕೊಂಡಿದ್ದೆ. ಇಲ್ಲ. ಸರೆಂಡರ್ ಮಾಡಿದ್ವಿ, ನಂಬರ್ ಹೋಯ್ತು. ನಾವು ಮಾಡಬೇಕಿದ್ದದ್ದು ತುಂಬಾ ಸರಳ: ಲ್ಯಾಂಡ್‌ಲೈನನ್ನ ಹಾಗೇ ಇಟ್ಕೊಂಡು, ಅದಕ್ಕೆ ಬರೋ ಕರೆಗಳನ್ನ ಹೊಸ ನಂಬರಿಗೆ ಫಾರ್ವರ್ಡ್ ಮಾಡೋದು. ತಿಂಗಳ ಬಾಡಿಗೆ ಒಂದಿಷ್ಟು ಹೋಗ್ತಿತ್ತು, ಹೋಗಲಿ.

ಎರಡನೇ ಪೆಟ್ಟು ಆಮೇಲೆ ಬಿತ್ತು. ಆ ಸರ್ವಿಸ್ ಬೇಡ ಅಂತ ಬಿಡೋಕೆ ಹೋದಾಗ ಅವರು ಹೇಳಿದ್ದು, "ಮೇಡಂ, ನಂಬರ್ ನಮ್ಮದು, ನೀವು ಬಾಡಿಗೆಗೆ ತಗೊಂಡಿರೋದು." ಅಗ್ರಿಮೆಂಟ್ ತೆಗೆದು ನೋಡಿದ್ರೆ ಹೌದು, ಬರೆದಿತ್ತು. ಅವರೂ ನಂಬರ್ ಇಟ್ಕೊಂಡಿದ್ದ ಮೂಲ ಕಂಪನಿ ಅಲ್ಲ, ಬೇರೆ ಟೆಲಿಕಾಂ ಕಂಪನಿಯಿಂದ ತಗೊಂಡು ಮಾರೋ ಮಧ್ಯದವರು. ಹೊಸ ನಂಬರಲ್ಲಿ ಛಾಪಿಸಿದ್ದ ವಿಸಿಟಿಂಗ್ ಕಾರ್ಡೂ ದಂಡ. ಮಾವ ಒಂದು ಮಾತೂ ಬೈಲಿಲ್ಲ. ಬೈದಿದ್ರೆ ಚೆನ್ನಾಗಿತ್ತು.

ಹಾಗಾಗಿ ಸೇಲ್ಸ್‌ನವರು ಡೆಮೊ ತೋರಿಸೋಕೆ ಬಂದಾಗ ಮೊದಲ ಪ್ರಶ್ನೆ ಫೀಚರ್ ಬಗ್ಗೆ ಇರಬಾರದು. ನಂಬರ್ ಯಾರ ಹೆಸರಲ್ಲಿ ಇರುತ್ತೆ? ಅದನ್ನ ಕೊಟ್ಟ ಪರವಾನಗಿ ಇರೋ ಟೆಲಿಕಾಂ ಕಂಪನಿ ಯಾವುದು? ನಾನು ಬಿಟ್ಟು ಹೋದ್ರೆ ನಂಬರ್ ಏನಾಗುತ್ತೆ? ಉತ್ತರ ಬಾಯಿಮಾತಲ್ಲಿ ಬೇಡ, ಕಾಗದದಲ್ಲಿ ಬೇಕು.

ಪರವಾನಗಿ ವಿಷಯ ಯಾಕೆ ಅಂದ್ರೆ, ನಮ್ಮ ದೇಶದಲ್ಲಿ ಇಂಟರ್ನೆಟ್‌ನಿಂದ ಮಾಮೂಲಿ ಫೋನಿಗೆ ಕರೆ ಜೋಡಿಸೋದು ಎಲ್ಲರೂ ಮಾಡೋ ಕೆಲಸ ಅಲ್ಲ. 2017ರಲ್ಲಿ ಟ್ರಾಯ್ ಶಿಫಾರಸು ಮಾಡಿ, 2018ರಲ್ಲಿ ದೂರಸಂಪರ್ಕ ಇಲಾಖೆ ಒಪ್ಪಿದ ಮೇಲೆ ಪರವಾನಗಿ ಇರೋ ಕಂಪನಿಗಳಿಗೆ ದಾರಿ ಸಲೀಸಾಯ್ತು. ಯಾರಾದ್ರೂ "ಸರ್, ನೂರು ಸಿಮ್ ಹಾಕಿರೋ ಬಾಕ್ಸ್ ಕೊಡ್ತೀವಿ, ಕರೆ ತುಂಬಾ ಅಗ್ಗ" ಅಂದ್ರೆ ನಮಸ್ಕಾರ ಹೇಳಿ ಕಳಿಸಿ. ಬೆಂಗಳೂರಲ್ಲೂ ಪೊಲೀಸರು ದಾಳಿ ಮಾಡಿ ಹಿಡಿದಿರೋ ಅಕ್ರಮ ಎಕ್ಸ್‌ಚೇಂಜ್‌ಗಳು ಇಂಥ ಸಿಮ್ ಬಾಕ್ಸ್‌ಗಳದ್ದೇ.

ಈಗ ಯಾವ ಥರದ್ದು ಅಂತ. ಒಂದು, ನಿಜವಾಗ್ಲೂ ನೆಟ್ ಮೇಲೆ ಮಾತಾಡೋದು: ಟೇಬಲ್ ಫೋನ್ ಅಥವಾ ಮೊಬೈಲ್ ಆ್ಯಪ್, ಅಂಗಡಿಯ ಬ್ರಾಡ್‌ಬ್ಯಾಂಡ್ ಮೇಲೆ. ಇನ್ನೊಂದು, ಕರೆ ಕಂಪನಿಯ ಸರ್ವರ್‌ಗೆ ಬಂದು ಅಲ್ಲಿಂದ ನಿಮ್ಮ ಹುಡುಗರ ಮೊಬೈಲಿಗೆ ಮಾಮೂಲಿ ಕರೆಯಾಗಿ ಹೋಗೋದು. ಎರಡನೇದಕ್ಕೆ ಅಂಗಡಿಯಲ್ಲಿ ನೆಟ್ಟೇ ಬೇಕಿಲ್ಲ. ಸಣ್ಣ ಊರಲ್ಲಿ, ಹುಡುಗರು ಅರ್ಧ ದಿನ ಹೊಲದಲ್ಲೇ ಇರೋ ವ್ಯಾಪಾರಕ್ಕೆ ಇದೇ ವಾಸಿ ಅನ್ನೋದು ನನ್ನ ಅಭಿಪ್ರಾಯ. ಆದ್ರೆ ಪ್ರತಿ ಕರೆಯ ಎರಡನೇ ಭಾಗಕ್ಕೆ ನೀವು ದುಡ್ಡು ಕೊಡ್ತೀರಿ, ನೆನಪಿರಲಿ.

ಲೆಕ್ಕ ಹಾಕೋಣ. ದರಗಳು ಉದಾಹರಣೆಗೆ ಮಾತ್ರ. ಸೀಸನ್‌ನಲ್ಲಿ ದಿನಕ್ಕೆ 120 ಕರೆ, ಒಂದೊಂದು 3 ನಿಮಿಷ, ತಿಂಗಳಿಗೆ 26 ದಿನ. 9,360 ನಿಮಿಷ ಆಯ್ತು. ನಿಮಿಷಕ್ಕೆ 50 ಪೈಸೆ ಅಂದ್ರೆ 4,680 ರೂಪಾಯಿ. ಮೂರು ಜನಕ್ಕೆ ತಲಾ 400 ಬಾಡಿಗೆ, 1,200. ಒಟ್ಟು 5,880. ಅದರ ಮೇಲೆ ಶೇ 18 ಜಿಎಸ್‌ಟಿ, 1,058 ರೂಪಾಯಿ ಚಿಲ್ಲರೆ. "ಬರೀ 400 ರೂಪಾಯಿ" ಅಂತ ಜಾಹೀರಾತು ನೋಡಿ ಹೋದವರಿಗೆ 6,900 ದಾಟಿದ ಬಿಲ್ ಬರೋದು ಹೀಗೆ. ಮಾಮೂಲಿ ಜಿಎಸ್‌ಟಿಯಲ್ಲಿದ್ರೆ ಆ ತೆರಿಗೆಗೆ ಇನ್‌ಪುಟ್ ಕ್ರೆಡಿಟ್ ಸಿಗುತ್ತೆ, ಕಾಂಪೊಸಿಷನ್‌ನಲ್ಲಿದ್ರೆ ಸಿಗಲ್ಲ. ಇನ್ನೊಂದು, ಪಲ್ಸ್ ಕೇಳಿ. 60 ಸೆಕೆಂಡ್ ಪಲ್ಸ್ ಇದ್ರೆ 65 ಸೆಕೆಂಡ್ ಮಾತಿಗೂ ಎರಡು ನಿಮಿಷದ ದುಡ್ಡು. "ಅಣ್ಣಾ ಅಂಗಡಿ ತೆಗ್ದಿದೀರಾ" ಅಂತ ಕೇಳಿ ಇಡೋ ಕರೆಗಳೇ ಜಾಸ್ತಿ ಇರೋ ಕಡೆ ಇದು ಸಣ್ಣ ಮೊತ್ತ ಅಲ್ಲ.

ನೆಟ್ ಮೇಲೇ ಮಾತಾಡೋದಾದ್ರೆ ಸ್ಪೀಡ್ ಬಗ್ಗೆ ತಲೆ ಕೆಡಿಸ್ಕೋಬೇಡಿ. ಒಳ್ಳೆ ಗುಣಮಟ್ಟದ ಒಂದು ಕರೆಗೆ ಎಲ್ಲ ಸೇರಿ ಸೆಕೆಂಡಿಗೆ 90 ಕಿಲೋಬಿಟ್‌ನಷ್ಟು ಸಾಕು, ಐದು ಕರೆಗೆ ಅರ್ಧ ಎಂಬಿಪಿಎಸ್ ಕೂಡ ಬೇಡ. ಕೆಡಿಸೋದು ಪ್ಯಾಕೆಟ್‌ಗಳು ತಡವಾಗಿ, ಹಿಂದೆಮುಂದೆ ಬರೋದು. ಒಂದು ಕಡೆಯ ವಿಳಂಬ 150 ಮಿಲಿಸೆಕೆಂಡ್ ಒಳಗಿದ್ರೆ ಮಾತು ಸಹಜವಾಗಿರುತ್ತೆ. ಮಾವನ ಅಂಗಡಿಯಲ್ಲಿ ಸಿಸಿಟಿವಿ ರೆಕಾರ್ಡಿಂಗ್ ಕ್ಲೌಡ್‌ಗೆ ಅಪ್‌ಲೋಡ್ ಆಗೋ ಹೊತ್ತಿಗೆ ಸರಿಯಾಗಿ ಧ್ವನಿ ಕಟ್ ಕಟ್ ಆಗ್ತಿತ್ತು. ರೌಟರ್‌ನಲ್ಲಿ ಕರೆಗಳಿಗೆ ಮೊದಲ ಆದ್ಯತೆ ಕೊಟ್ಟ ಮೇಲೆ ನಿಂತಿತು. ಇನ್ನು ಒಬ್ಬರ ಮಾತು ಮಾತ್ರ ಕೇಳೋ ತೊಂದರೆ ಬಂದ್ರೆ, ರೌಟರ್‌ನಲ್ಲಿ ಎಸ್‌ಐಪಿ ಎಎಲ್‌ಜಿ ಅನ್ನೋ ಸೆಟ್ಟಿಂಗ್ ಆಫ್ ಮಾಡಿ ನೋಡಿ, ಎಷ್ಟೋ ಸಲ ಅದೇ ಕಾರಣ.

ಒಂದು ತಮಾಷೆ ಹೇಳ್ಲೇಬೇಕು. ಮೊದಲ ಸಿಸ್ಟಂನಲ್ಲಿ ಕರೆ ಮಾಡಿದ ತಕ್ಷಣ ಇಂಗ್ಲಿಷ್‌ನಲ್ಲಿ ಒಬ್ಬ ಹೆಣ್ಮಗಳು ಸ್ವಾಗತ ಹೇಳಿ, ಒಂದು ಒತ್ತಿ, ಎರಡು ಒತ್ತಿ ಅಂತಿದ್ಲು. ರೈತರು ಲೋನ್ ಕಂಪನಿ ಅಂದ್ಕೊಂಡು ಕಟ್ ಮಾಡ್ತಿದ್ರು. ಈಗ ಮೆನುವೇ ಇಲ್ಲ. ನನ್ನ ಅತ್ತೆಯ ಧ್ವನಿಯಲ್ಲಿ ಅಂಗಡಿ ಹೆಸರು, ಕರೆ ರೆಕಾರ್ಡ್ ಆಗುತ್ತೆ ಅನ್ನೋ ಒಂದು ಸಾಲು, ಆಮೇಲೆ ಮೂರು ಫೋನೂ ಒಟ್ಟಿಗೆ ರಿಂಗ್. ರೆಕಾರ್ಡಿಂಗ್ ಉಪಯೋಗಕ್ಕೆ ಬಂತು, 5 ಎಚ್‌ಪಿ ಹೇಳಿದ್ದೋ 7.5 ಹೇಳಿದ್ದೋ ಅನ್ನೋ ಜಗಳ ನಿಂತಿದೆ.

ಎರಡನೇ ಸಲ ನಾವು ತಿಂಗಳ ಪ್ಲಾನ್ ಮಾತ್ರ ತಗೊಂಡ್ವಿ. ವರ್ಷಕ್ಕೆ ಒಟ್ಟಿಗೆ ಕಟ್ಟಿದ್ರೆ ರಿಯಾಯಿತಿ ಅಂದ್ರು, ಬೇಡ ಅಂದೆ. ನಂಬರ್ ನೇರವಾಗಿ ಟೆಲಿಕಾಂ ಕಂಪನಿಯಿಂದ, ಮಾವನ ಫರ್ಮ್ ಹೆಸರಲ್ಲಿ. ಕೌಂಟರ್‌ನಲ್ಲಿ ಎರಡು ನೆಟ್ ಫೋನ್, ಮೂರನೇದು ಹಿರಿಯ ಮೆಕ್ಯಾನಿಕ್ ಮೊಬೈಲಿನ ಆ್ಯಪ್. ನೆಟ್ ಹೋದ್ರೆ ಕರೆ ತಾನಾಗೇ ಮಾವನ ಮೊಬೈಲಿಗೆ ಹೋಗುತ್ತೆ. ಇದನ್ನ ಬಾಯಲ್ಲಿ ಕೇಳಿ ನಂಬಲಿಲ್ಲ. ಸೇಲ್ಸ್ ಹುಡುಗ ಎದುರಿಗೆ ಕೂತಿರೋವಾಗಲೇ ರೌಟರ್ ಪ್ಲಗ್ ಕಿತ್ತು, ಹೊರಗೆ ಹೋಗಿ ಫೋನ್ ಮಾಡಿದೆ. ಮೊದಲ ಸಲ ರಿಂಗ್ ಆಗಲಿಲ್ಲ. ಅವನು ಸೆಟ್ಟಿಂಗ್ ಬದಲಾಯಿಸಿದ, ಎರಡನೇ ಸಲ ಮಾವನ ಜೇಬು ರಿಂಗ್ ಆಯ್ತು. ಚೆಕ್ ಬರೆದಿದ್ದು ಆಮೇಲೆ.

ಹಳೇ ನಂಬರಿನ ಗೋಡೆಗಳು ಇನ್ನೂ ಇವೆ. ಮಾವನ ಹತ್ತಿರ ಊರುಗಳ ಪಟ್ಟಿ ಇದೆ, ಒಟ್ಟು 43 ಗೋಡೆ. ಭಾನುವಾರ ಭಾನುವಾರ ಪೇಂಟರ್ ಜೊತೆ ನಾನೂ ಹೋಗ್ತಿದೀನಿ. ಇಲ್ಲಿವರೆಗೆ 11 ಆಗಿದೆ.